ಅದಿಯಮಾನ್‌ಕೋಟೆಯಿಂದ ಹೊಸೂರಿಗೆ: ಹೊರಡುವ ಮುನ್ನ ಸೈಕಲ್ಲಿನ ಅಳತೆ

ಧರ್ಮಪುರಿಯಿಂದ ಸೇಲಂ ಮಾರ್ಗದಲ್ಲಿ ದಕ್ಷಿಣಕ್ಕೆ ಏಳೆಂಟು ಕಿಲೋಮೀಟರು ಸಾಗಿದರೆ ಸಿಗುವ ಊರು ಅದಿಯಮಾನ್‌ಕೋಟೆ. ಆಯುಸ್ಸನ್ನು ಹೆಚ್ಚಿಸುವ ನೆಲ್ಲಿಕಾಯನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಇತ್ತನೆಂದು ತಮಿಳರು ಕೊಂಡಾಡುವ ದೊರೆ ಅದಿಯಮಾನನ ಹೆಸರು ಇದಕ್ಕೆ ನಿಂತಿದೆ. ತಗಡೂರು ಎಂದು ಕರೆಸಿಕೊಂಡಿದ್ದ ಈ ಸೀಮೆಯನ್ನು ಒಂಬತ್ತನೆಯ ಶತಮಾನದಲ್ಲಿ ನೊಳಂಬರು ಆಳಿ, ಕನ್ನಡ ಶಾಸನಗಳನ್ನೂ ಬಿಟ್ಟುಹೋದರು. ಊರಿನ ಚೆನ್ನರಾಯ ಪೆರುಮಾಳ್ ದೇವಾಲಯದ ಮಾಡಿನಲ್ಲಿ ರಾಮಾಯಣ, ಮಹಾಭಾರತಗಳ ವರ್ಣಚಿತ್ರಗಳಿವೆ. ಚೆನ್ನರಾಯ ಎಂಬ ಹೆಸರು ನಮ್ಮ ಕಿವಿಗೆ ನಂಟರ ಹೆಸರಿನಂತೆಯೇ ಕೇಳಿಸುತ್ತದೆ.

ಇಲ್ಲಿಂದ ಕವಲೊಡೆಯುವ 844ನೆಯ ಹೆದ್ದಾರಿಯು ಪಾಲಕ್ಕೋಡು, ರಾಯಕೋಟೆ, ಹೊಸೂರುಗಳನ್ನು ದಾಟಿ ಅತ್ತಿಬೆಲೆಯ ಸಮೀಪದ ನೆರಳೂರಿಗೆ, ಅಂದರೆ ಕರ್ನಾಟಕಕ್ಕೆ ಸೇರುತ್ತದೆ. ಗಡಿಯ ಈಚೆಗಿರುವ ನಮ್ಮ ಮನೆಗಳ ಮದುವೆ, ಮುಂಜಿ, ನಂಟಸ್ತಿಕೆಯೆಲ್ಲ ಇಂಥ ದಾರಿಗಳಲ್ಲೇ ಓಡಾಡಿಕೊಂಡಿವೆ. ನಮ್ಮ ಬಂಧುಗಳ ಮನೆಯ ಹುಡುಗಿಯೊಬ್ಬಳು ಈ ದಾರಿಯನ್ನು ಎರಡು ದಿನಗಳಲ್ಲಿ, ಬಟ್ಟೆಬರೆಯ ಚೀಲಗಳೊಡನೆ ಸೈಕಲ್ಲಿನಲ್ಲಿ ಕ್ರಮಿಸಬೇಕೆಂದು ಹಟ ಹಿಡಿದಳು. ಹಟ ಒಳ್ಳೆಯದೇ. ಆದರೆ ಅಣ್ಣನ ಸೈಕಲ್ಲೇ ಸಾಕು, ಕೊಳ್ಳುವುದಾದರೂ ತುಸು ದೊಡ್ಡದನ್ನೇ ಕೊಂಡರೆ ಎಲ್ಲರಿಗೂ ಆಗುತ್ತದೆಂಬುದು ಮನೆಯವರ ವಾದ. ಹಬ್ಬದ ಅಂಗಿಗೆ ಹೊಂದುವ ಈ ಲೆಕ್ಕ ಸೈಕಲ್ಲಿಗೆ ಹೊಂದುವುದಿಲ್ಲ.

ನಮ್ಮ ಹಿರಿಯರ ಕಾಲದ ಹರ್ಕ್ಯುಲಿಸ್, ರ್‍ಯಾಲಿ, ಅಟ್ಲಾಸ್ ಸೈಕಲ್ಲುಗಳು ಬಹುಮಟ್ಟಿಗೆ 22 ಅಥವಾ 24 ಅಂಗುಲದ ಚೌಕಟ್ಟಿನವು. ಈ ಅಂಗುಲಗಳು ಚಕ್ರದ್ದಲ್ಲ. ಪೆಡಲಿನ ಅಚ್ಚಿನ ನಡುವಿನಿಂದ ಸೀಟು ಕೂರುವ ಕೊಳವೆಯ ಮೇಲ್ತುದಿಯವರೆಗಿನ ಉದ್ದ. 22 ಅಂಗುಲದ ಸೈಕಲ್ಲಿನಲ್ಲಿಯೂ ಅಡ್ಡಪಟ್ಟಿ ನೆಲದಿಂದ 80 ಸೆಂಟಿಮೀಟರು ಮೀರುತ್ತಿತ್ತು. ಹುಡುಗರು ಅದರ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತದ್ದು ಆಟಕ್ಕಲ್ಲ, ಬೇರೆ ದಾರಿ ಇರಲಿಲ್ಲವೆಂದು. ಈಗ ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ “26ಓ, 27.5ಓ, 29ಓ?” ಎಂದು. ಅದು ಚಕ್ರದ ಮಾತು. ಒಂದೇ ಚಕ್ರಕ್ಕೆ ಹಲವು ಚೌಕಟ್ಟುಗಳಿರುತ್ತವೆ; ಎಸ್, ಎಂ, ಎಲ್ ಎಂಬ ಅಕ್ಷರಗಳಂತೂ ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ ಬದಲಾಗುತ್ತವೆ.

ಆದುದರಿಂದ ಅಳತೆಯನ್ನು ಮನೆಯಲ್ಲೇ ಮಾಡಿಕೊಂಡು ಹೋಗುವುದು ಲೇಸು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ, ಸೀಟಿನ ಮೇಲೆ ಕುಳಿತಾಗ ಬೀಳುವಷ್ಟೇ ಒತ್ತಡದಿಂದ ಮೇಲಕ್ಕೊತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಬೇಕು. ಮೂರು ಸಲ ಅಳೆದರೆ ಒಳಿತು. ಈ ಹುಡುಗಿಯ ಎತ್ತರ ಐದಡಿ ಎರಡಂಗುಲ. ಕಾಲಳತೆ 72 ಸೆಂಟಿಮೀಟರು ಬಂದಿತು. ಅದನ್ನು 0.66ರಿಂದ ಗುಣಿಸಿದರೆ ಸುಮಾರು 47.5, ಪ್ರವಾಸದ ಸೈಕಲ್ಲಿಗೆ ಇದು ಚೌಕಟ್ಟಿನ ಸ್ಥೂಲ ಅಳತೆ. 0.883ರಿಂದ ಗುಣಿಸಿದರೆ 63.5ರಷ್ಟು, ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ಎತ್ತರ ಅದು. ಅಣ್ಣನ ಸೈಕಲ್ಲು 56ರದು! ಅಡ್ಡಪಟ್ಟಿಗೂ ತೊಡೆಸಂದಿಗೂ ನಡುವೆ ಮೂರರಿಂದ ಐದು ಸೆಂಟಿಮೀಟರು ತೆರಪಿರಬೇಕು. ಹೊರೆ ಹೊತ್ತ ಸೈಕಲ್ಲು ಏರಿನಲ್ಲಿ ತಟ್ಟನೆ ನಿಂತಾಗ ಎರಡೂ ಪಾದಗಳು ನೆಲ ಮುಟ್ಟದಿದ್ದರೆ, ಚೀಲಗಳ ಭಾರಕ್ಕೆ ಅದು ಪಕ್ಕಕ್ಕೆ ವಾಲಿ, ಲಾರಿಯ ದಾರಿಗೇ ಬೀಳಬಹುದು.

ಇಳಿಜಾರು ಅಡ್ಡಪಟ್ಟಿಯ ಹೊಸ ಚೌಕಟ್ಟುಗಳಲ್ಲಿ ಕೊಳವೆಯ ಉದ್ದವೊಂದೇ ಸತ್ಯ ಹೇಳದು. ಅಲ್ಲಿ ಸೀಟಿನಿಂದ ಹ್ಯಾಂಡಲಿಗೆ ಕೈ ಎಷ್ಟು ಚಾಚಬೇಕೆಂಬುದನ್ನೇ ಹೆಚ್ಚಾಗಿ ನೋಡಬೇಕು. ಮೊಣಕೈ ತುಸು ಬಾಗಿ, ಹೆಗಲು ಸಡಿಲವಾಗಿ ಇರುವುದು ಸರಿಯಾದ ಲಕ್ಷಣ. ಹೆಚ್ಚು ಚಾಚಿದರೆ ಕತ್ತು ಹಿಡಿಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ಹ್ಯಾಂಡಲಿನ ಕುತ್ತಿಗೆಯನ್ನು ಒಂದೆರಡು ಸೆಂಟಿಮೀಟರು ಬದಲಿಸಬಹುದು, ಚೌಕಟ್ಟನ್ನೇ ಬದಲಿಸಲಾಗದು. ಹಾಗೆಂದು ತೀರ ಚಿಕ್ಕದೂ ಬೇಡ: ಸೀಟಿನ ಕಂಬದ ಮೇಲಿನ ಕನಿಷ್ಠ ಗೆರೆ ಹೊರಗೆ ಕಾಣುವಷ್ಟು ಎತ್ತಬೇಕಾಗಿ ಬಂದರೆ ಆ ಚೌಕಟ್ಟು ನಿಮ್ಮದಲ್ಲ. ಪೆಡಲಿನ ಅಚ್ಚಿನಿಂದ ಹಿಂಚಕ್ರದ ಅಚ್ಚಿಗೆ 44–46 ಸೆಂಟಿಮೀಟರು ಇದ್ದರೆ ಹಿಮ್ಮಡಿ ಚೀಲಗಳಿಗೆ ತಗುಲದು. ಸಣ್ಣ ಕೈಯವರು ಬ್ರೇಕಿನ ಹಿಡಿಗೆ ಬೆರಳು ಎಟುಕುವುದೇ ಎಂದು ಕುಳಿತೇ ಪರೀಕ್ಷಿಸಬೇಕು. ಅನೇಕ ಹಿಡಿಗಳಲ್ಲಿ ಅದನ್ನು ಹತ್ತಿರಕ್ಕೆ ತರುವ ಪುಟ್ಟ ತಿರುಪು ಇರುತ್ತದೆ.

ಸೇಲಂ ಕಡೆಯ ತೊಪ್ಪೂರು ಘಟ್ಟದ ಇಳಿಜಾರನ್ನು ಹೊಸಬರಿಗೆ ನಾನಂತೂ ಸೂಚಿಸಲಾರೆ. ಅಲ್ಲಿ ಲಾರಿಗಳ ಅಪಘಾತ ಹೊಸ ಸುದ್ದಿಯಲ್ಲ. ಹೊಸೂರಿನ ದಿಕ್ಕಿನಲ್ಲಿ ಒಟ್ಟು 400 ಮೀಟರಿನಷ್ಟು ಏರುವುದಿದೆ, ಆದರೆ ಅದು ಬಹಳ ದೂರಕ್ಕೆ ಹಂಚಿಹೋಗಿದೆ. ಹುಡುಗಿ ಕೊನೆಗೆ 47ರ ಚೌಕಟ್ಟನ್ನೇ ಕೊಂಡಳು. ಮನೆಯವರಿಗೆ ಅದು ಮಕ್ಕಳ ಸೈಕಲ್ಲಿನಂತೆ ಕಂಡಿತು. ಮೊದಲ ದಿನ ಪಾಲಕ್ಕೋಡಿನಲ್ಲಿ ಇಳಿದು, ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟನ್ನು ಅರ್ಧ ಸೆಂಟಿಮೀಟರು ಏರಿಸು, ಹಿಂಭಾಗ ನೋಯುತ್ತಿದ್ದರೆ ಇಳಿಸು ಎಂದು ಹೇಳಿ ಕೀಲಿಯೊಂದನ್ನು ಕೊಟ್ಟಿದ್ದೆವು. ಅದರ ಮುಂದೆ ರಾಯಕೋಟೆ. 1791ರಲ್ಲಿ ಟಿಪ್ಪುವಿನ ಕೈಯಿಂದ ಇಂಗ್ಲಿಷರ ವಶವಾದ ದುರ್ಗದ ಬಂಡೆ ಅಲ್ಲಿ ದಾರಿಗೇ ಕಾಣುತ್ತದೆ.