ಕಜುಂಗುಲಾದಲ್ಲಿ ಲೆಕ್ಕ ಮುಗಿಸುತ್ತಿದ್ದ ಕಾಲ

ಓವರ್‌ಲ್ಯಾಂಡ್ ಟ್ರಕ್ ಪ್ರವಾಸದ ಕೊನೆಯ ದಿನಗಳಲ್ಲಿ ಪ್ರವಾಸಿಗರು ಆನೆ ನೋಡುತ್ತಿದ್ದರು, ನಾನು ರಶೀದಿ ನೋಡುತ್ತಿದ್ದೆ. ಕೇಪ್‌ಟೌನಿನಲ್ಲಿ ಹೊರಟು, ನಮೀಬಿಯಾದ ಮರುಭೂಮಿ ದಾಟಿ, ಬೋಟ್ಸ್ವಾನಾದ ಒಕವಾಂಗೊ ಸುತ್ತಿ, ಜಾಂಬೆಜಿ ನದಿಯ ವಿಕ್ಟೋರಿಯಾ ಜಲಪಾತದ ಹತ್ತಿರ ಮುಗಿಯುವ ಸುಮಾರು ಮೂರು ವಾರಗಳ ಡೇರೆ ಪ್ರವಾಸ ಅದು. ಗ್ಯಾಬರೋನ್‌ನಲ್ಲಿ ನಾನಿದ್ದ ಲೆಕ್ಕಪತ್ರದ ಕಚೇರಿಗೆ ಇಂಥ ಪ್ರವಾಸ ನಡೆಸುವ ಸಂಸ್ಥೆಯೊಂದು ಗಿರಾಕಿ. ಸೀಸನ್ನಿನಲ್ಲಿ ನಾಟಾ ಎಂಬ ಊರಿನ ಪೆಟ್ರೋಲ್ ಬಂಕಿನ ಮುಂದೆ ಕಾದು ಟ್ರಕ್ ಹತ್ತುವುದು, ಗಡಿ ದಾಟುವಷ್ಟರಲ್ಲಿ ಜಮಾ ಖರ್ಚು ತಾಳೆ ಹಾಕುವುದು, ಜಾಂಬಿಯಾದ ಲಿವಿಂಗ್‌ಸ್ಟನ್‌ನಲ್ಲಿ ಇಳಿದು ಚೀಟಿಗಳ ಕಂತೆಯೊಂದಿಗೆ ವಾಪಸಾಗುವುದು ನನ್ನ ಪಾಲಿನ ಕೆಲಸ. ಲೆಕ್ಕಿಗರಾಗಿ, ಮೇಷ್ಟರಾಗಿ ಭಾರತದಿಂದ ಬೋಟ್ಸ್ವಾನಾಕ್ಕೆ ಬಂದವರು ಆಗ ಬಹಳ ಮಂದಿ ಇದ್ದರು. ಸಿರ್ಸಿ ಕಡೆಯವನಾದ ನಾನೂ ಅವರಲ್ಲೊಬ್ಬ.

ಈ ಟ್ರಕ್ ಪ್ರವಾಸದ ಉದ್ಯಮ ಶುರುವಾದದ್ದು ದಕ್ಷಿಣದಲ್ಲಲ್ಲ. 1970ರ ದಶಕದಲ್ಲಿ ಬ್ರಿಟಿಷ್ ಸೇನೆ ಕೈಬಿಟ್ಟ ಬೆಡ್‌ಫರ್ಡ್ ಲಾರಿಗಳಿಗೆ ಬೆಂಚು ಜೋಡಿಸಿ, ಲಂಡನ್ನಿನಿಂದ ಸಹಾರಾ ಹಾಗೂ ಜಾಯೀರ್ ಹಾದು ನೈರೋಬಿಗೋ ಜೋಹಾನ್ಸ್‌ಬರ್ಗಿಗೋ ತಿಂಗಳುಗಟ್ಟಲೆ ಹೋಗುತ್ತಿದ್ದರು. ಚಾಲಕನೇ ಮೆಕ್ಯಾನಿಕ್, ಅವನೇ ದಾರಿ ತೋರುವವ. ಮುಂದೆ ಜಾಯೀರ್ ಯುದ್ಧಕ್ಕೆ ಸಿಕ್ಕಿತು, ಅತ್ತ 1994ರಲ್ಲಿ ದಕ್ಷಿಣ ಆಫ್ರಿಕಾ ವರ್ಣಭೇದದಿಂದ ಹೊರಬಂದು ಬಾಗಿಲು ತೆರೆಯಿತು. ವ್ಯಾಪಾರ ಗಂಟುಮೂಟೆ ಸಮೇತ ದಕ್ಷಿಣಕ್ಕಿಳಿಯಿತು. ನಾನು ಹತ್ತುವ ಹೊತ್ತಿಗೆ ಟ್ರಕ್ಕುಗಳು ಈ ಕೆಲಸಕ್ಕೆಂದೇ ಕಟ್ಟಿದವು. ಎರಡು ಡಜನ್ ಸೀಟು, ಸಾಮಾನಿಗೆ ಬೀಗ ಹಾಕುವ ಲಾಕರ್, ಪಕ್ಕದ ತಗಡಿನ ಬಾಗಿಲು ಮೇಲೆತ್ತಿದರೆ ಇಡೀ ಅಡುಗೆಮನೆ. ಅದನ್ನು ಬಸ್ ಎಂದು ಕರೆದವರಿಗೆ ಚಾಲಕ ಮುಖ ಸಿಂಡರಿಸುತ್ತಿದ್ದ. ಕೆಲವು ಟ್ರಕ್ಕುಗಳಲ್ಲಿ ಹಾಗೆ ಕರೆದವರು ಆ ರಾತ್ರಿಯ ಪಾತ್ರೆ ತೊಳೆಯಬೇಕಿತ್ತು.

ಪಾತ್ರೆ ತೊಳೆಯುವುದು ಹೇಗೂ ಎಲ್ಲರ ಪಾಳಿಯಲ್ಲೂ ಇತ್ತು. ಒಂದು ಗುಂಪು ತರಕಾರಿ ಹೆಚ್ಚಬೇಕು, ಒಂದು ಗುಂಪು ತೊಳೆಯಬೇಕು, ಇನ್ನೊಂದು ಟ್ರಕ್ಕಿನ ನೆಲ ಗುಡಿಸಬೇಕು. ತೊಳೆದ ತಟ್ಟೆಯನ್ನು ಬಟ್ಟೆಯಿಂದ ಒರೆಸುವಂತಿಲ್ಲ. ಒದ್ದೆ ಬಟ್ಟೆಯಿಂದ ಒಬ್ಬರ ಹೊಟ್ಟೆನೋವು ಇಡೀ ಟ್ರಕ್ಕಿಗೆ ಹರಡುತ್ತದೆ. ಹಾಗಾಗಿ ಕೈಗೊಂದು ತಟ್ಟೆ ಹಿಡಿದು ಗಾಳಿಯಲ್ಲಿ ಬೀಸಬೇಕು. ಮ್ಯೂನಿಕ್ಕಿನ ವಕೀಲರು, ಸಿಡ್ನಿಯ ನರ್ಸ್, ನಿವೃತ್ತ ಎಂಜಿನಿಯರ್ ಎಲ್ಲರೂ ಮುಸ್ಸಂಜೆಯಲ್ಲಿ ವೃತ್ತಾಕಾರವಾಗಿ ನಿಂತು ತಟ್ಟೆ ಬೀಸುವುದನ್ನು ಮೊದಲ ಸಲ ಕಂಡಾಗ ಇದು ಯಾವ ಮತದ ಪೂಜೆಯೋ ಎಂದುಕೊಂಡೆ.

ನನ್ನ ಆಸಕ್ತಿ ಇದ್ದದ್ದು ಪೆಟ್ಟಿಗೆಯಲ್ಲಿ. ಪ್ರವಾಸದ ಶುಲ್ಕವನ್ನು ಜನ ಊರಿನಲ್ಲೇ ಕಟ್ಟಿ ಬರುತ್ತಿದ್ದರು. ಅದಲ್ಲದೆ ಮೊದಲ ದಿನ ಪ್ರತಿಯೊಬ್ಬರೂ ಒಂದಿಷ್ಟು ಡಾಲರ್ ನೋಟು ನಗದಾಗಿ ಸಾಮಾನ್ಯ ನಿಧಿಗೆ ಹಾಕಬೇಕು. ಟ್ರಕ್ಕಿನವರು ಅದನ್ನು ಕಿಟ್ಟಿ ಎನ್ನುತ್ತಿದ್ದರು. ಊಟ, ಡೇರೆ ಹಾಕುವ ಜಾಗದ ಬಾಡಿಗೆ, ಉದ್ಯಾನದ ಪ್ರವೇಶ ಇವೆಲ್ಲ ಆ ಹಣದಲ್ಲೇ. ಚಾಲಕನ ಸೀಟಿನ ಹಿಂದೆ ಬೆಸುಗೆ ಹಾಕಿದ ಉಕ್ಕಿನ ಪೆಟ್ಟಿಗೆ, ಅದರೊಳಗೆ ನೋಟು, ನೋಟಿನ ಮೇಲೆ ಶಾಲಾ ಮಕ್ಕಳ ನೂರು ಪುಟದ ಪುಸ್ತಕ. ಪುಸ್ತಕವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಪ್ರತಿ ಗುಂಪಿನಲ್ಲೂ ಒಬ್ಬರಾದರೂ ನೋಡುತ್ತಿದ್ದರು. ‘ಸ್ವಾಕೊಪ್‌ಮುಂಡ್‌ನಲ್ಲಿ ನಲವತ್ತು ಬ್ರೆಡ್ ಯಾಕೆ?’ ಎಂಬ ಪ್ರಶ್ನೆಗೆ ಅಡುಗೆಯವ ಉತ್ತರ ಕೊಡಬೇಕು. ಉಳಿದ ಹಣ ಗುಂಪಿನದೇ ಆದ್ದರಿಂದ ಕೊನೆಯ ವಾರದಲ್ಲಿ ಜನ ಎರಡು ಪಕ್ಷವಾಗುತ್ತಿದ್ದರು: ಹಂಚಿಕೊಳ್ಳೋಣ ಎನ್ನುವವರು, ಕೊನೆಯ ರಾತ್ರಿ ಭರ್ಜರಿ ಊಟ ಮಾಡೋಣ ಎನ್ನುವವರು. ನಾನು ಟ್ರಕ್ ಹತ್ತುವ ಹೊತ್ತಿಗೆ ಈ ಜಗಳ ಹದಕ್ಕೆ ಬಂದಿರುತ್ತಿತ್ತು.

ಮಾಂಸದ ಲೆಕ್ಕವೂ ನಾನು ಹತ್ತುವ ಹೊತ್ತಿಗೇ ಮುಗಿದಿರಬೇಕಿತ್ತು. ಬೋಟ್ಸ್ವಾನಾ ಯುರೋಪಿಗೆ ದನದ ಮಾಂಸ ಮಾರುವ ದೇಶ, ಕಾಲುಬಾಯಿ ಜ್ವರವೆಂದರೆ ಅದಕ್ಕೆ ಪ್ರಾಣಭಯ. ಕಾಡೆಮ್ಮೆಗಳಿರುವ ಉತ್ತರದ ವಲಯವನ್ನು ಬೇಲಿ ಹಾಕಿ ಬೇರೆ ಮಾಡಿದ್ದಾರೆ. ರಸ್ತೆಯ ಗೇಟುಗಳಲ್ಲಿ ಟ್ರಕ್ಕಿನ ಚಕ್ರ ಔಷಧಿ ನೀರಿನ ಗುಂಡಿಯೊಳಗೆ ಇಳಿದು ಏಳುತ್ತದೆ. ಪ್ರಯಾಣಿಕರು ಇಳಿದು ಒದ್ದೆ ಗೋಣಿಯ ಮೇಲೆ ಕಾಲೊರೆಸಬೇಕು, ಲಾಕರ್‌ನಲ್ಲಿಟ್ಟ ಬೇರೆ ಜೋಡು ಚಪ್ಪಲಿಯನ್ನೂ ತಂದು ಅದ್ದಬೇಕು. ಹಸಿ ಮಾಂಸ ಕಂಡರೆ ಕಿತ್ತುಕೊಳ್ಳುತ್ತಾರೆ. ಆದ್ದರಿಂದ ಗೇಟಿನ ಹಿಂದಿನ ರಾತ್ರಿ ಫ್ರಿಜ್‌ನಲ್ಲಿದ್ದುದೆಲ್ಲ ಕೆಂಡದ ಮೇಲೆ ಬೇಯುತ್ತಿತ್ತು, ಮಾರನೆಯ ದಿನ ನಾಟಾದಲ್ಲಿ ಹತ್ತಿದ ನನಗೆ ಅದರ ತಣ್ಣನೆಯ ಉಳಿಕೆಯ ಉಪಚಾರ. ನನಗೆ ಬೇಕಾದ್ದು ಸಾಡ್ಜಾ, ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ಗಟ್ಟಿಯಾಗಿ ತಿರುವಿದ್ದು. ಮಂಡ್ಯದವರಾಗಿದ್ದರೆ ಇದು ಬಿಳಿ ಮುದ್ದೆ ಎಂದು ಗುಳುಂ ಮಾಡುತ್ತಿದ್ದರು. ಸಿರ್ಸಿಯವನಿಗೆ ಮುದ್ದೆಯೇ ಹೊಸದು, ನಾನು ಅಗಿದೆ, ಅಡುಗೆಯವ ನಕ್ಕ.

ನಾಟಾದಿಂದ ಉತ್ತರಕ್ಕೆ ಕಸಾನೆ ಸುಮಾರು 300 ಕಿ.ಮೀ. ಆನೆಗಳ ರಸ್ತೆ. ಕತ್ತಲಾದ ಮೇಲೆ ಬುದ್ಧಿಯಿರುವ ಚಾಲಕ ಅಲ್ಲಿ ಓಡಿಸುವುದಿಲ್ಲ. ನಡುವೆ ನೀರಿನ ಹೊಂಡದ ಸುತ್ತ ಡೇರೆ ಹಾಕುವ ಒಂದು ತಾಣವಿತ್ತು. ಒಣ ತಿಂಗಳಲ್ಲಿ ಅಲ್ಲಿನ ಆನೆಗಳು ಹೊಂಡ ಬಿಟ್ಟು ಬಚ್ಚಲಿನ ಪೈಪಿಗೇ ಸೊಂಡಿಲು ಹಾಕುತ್ತಿದ್ದುದರಿಂದ ಬಚ್ಚಲುಮನೆಯ ಸುತ್ತ ಚೂಪು ಕಾಂಕ್ರೀಟಿನ ಹಾಸು ಹಾಕಿದ್ದರು. ರಾತ್ರಿ ಡೇರೆಯ ಪಕ್ಕ ಹಾಯುವ ಆನೆಯ ಹೆಜ್ಜೆ ಕೇಳಿಸುವುದಿಲ್ಲ; ಹೊಟ್ಟೆಯ ಗುಡುಗುಡು ಕೇಳಿಸುತ್ತದೆ. ಕಸಾನೆಯಲ್ಲಿ ಸಂಜೆಯ ದೋಣಿ ಹತ್ತಿದರೆ ಚೋಬೆ ನದಿಯ ನಡುವೆ ಸೆಡುಡು ದ್ವೀಪ. ಅದು ಯಾರದ್ದೆಂದು ಬೋಟ್ಸ್ವಾನಾ ಮತ್ತು ನಮೀಬಿಯಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 1999ರಲ್ಲಿ ಬೋಟ್ಸ್ವಾನಾಕ್ಕೆಂದು ತೀರ್ಪಾಯಿತು. ಹುಲ್ಲಿನ ನಡುವೆ ಬಾವುಟ ನೆಟ್ಟಿದ್ದಾರೆ, ಆನೆಗಳು ಸೊಂಡಿಲೆತ್ತಿ ಈಜಿ ಹೋಗಿ ಅದರ ಸುತ್ತಲೇ ಮೇಯುತ್ತವೆ.

ಕಸಾನೆ ದಾಟಿದರೆ ಕಜುಂಗುಲಾ. ನಾಲ್ಕು ದೇಶಗಳು ಒಂದು ಬಿಂದುವಿಗೆ ಬಂದು ಇನ್ನೇನು ಮುಟ್ಟಿಯೇಬಿಡುವ ಜಾಗ. ಬೋಟ್ಸ್ವಾನಾ, ಜಾಂಬಿಯಾ ಎರಡೂ ಜಾಂಬೆಜಿ ನದಿಯ ನಡುವೆ ಕೇವಲ ನೂರೈವತ್ತು ಮೀಟರಿನಷ್ಟು ಗಡಿ ಹಂಚಿಕೊಂಡಿವೆ. ವರ್ಣಭೇದದ ದಕ್ಷಿಣ ಆಫ್ರಿಕಾ 1970ರಲ್ಲಿ ಅಷ್ಟು ಗಡಿಯೂ ಇಲ್ಲವೆಂದು ತಗಾದೆ ತೆಗೆದಿತ್ತು. ಆ ಗೇಣಗಲದ ಗಡಿಯನ್ನು ನಾವು ದಾಟುತ್ತಿದ್ದದ್ದು ಫೆರಿಯಲ್ಲಿ. ಎರಡು ಬದಿ ಎಂಜಿನ್ ಕಟ್ಟಿದ ಚಪ್ಪಟೆ ಕಬ್ಬಿಣದ ತೆಪ್ಪ. ಒಂದು ಸಲಕ್ಕೆ ಒಂದು ದೊಡ್ಡ ಲಾರಿ, ಸಂದಿಯಲ್ಲಿ ಒಂದೆರಡು ಕಾರು, ಉಳಿದ ಜಾಗದಲ್ಲಿ ಜನ. ಡರ್ಬನ್ ಬಂದರಿನಿಂದ ಗಣಿಯಂತ್ರ ಹೊತ್ತು ಉತ್ತರಕ್ಕೆ, ತಾಮ್ರ ಹೊತ್ತು ದಕ್ಷಿಣಕ್ಕೆ ಹೋಗುವ ಲಾರಿಗಳೆಲ್ಲ ಈ ತೆಪ್ಪವನ್ನೇ ನಂಬಿದ್ದವು. ಸಾಲು ಕಿಲೋಮೀಟರ್‌ಗಟ್ಟಲೆ. ಚಾಲಕರು ದಿನಗಟ್ಟಲೆ, ಕೆಟ್ಟ ಕಾಲದಲ್ಲಿ ವಾರ ಮೀರಿಯೂ ಲಾರಿಯ ಕೆಳಗೆ ಚಾಪೆ ಹಾಸಿ ಮಲಗಿರುತ್ತಿದ್ದರು. 2003ರಲ್ಲಿ ಮಿತಿ ಮೀರಿ ಹೊರೆ ಹೇರಿದ ಲಾರಿಯಿಂದ ತೆಪ್ಪ ಮಗುಚಿ ಜನ ಸತ್ತಿದ್ದರು. ಹತ್ತುವಾಗೆಲ್ಲ ಯಾರಾದರೂ ಅದನ್ನು ನೆನಪಿಸುತ್ತಿದ್ದರು.

ಪ್ರವಾಸಿಗರ ಟ್ರಕ್ಕಿಗೆ ಅಷ್ಟು ಕಾಯುವ ಪ್ರಮೇಯವಿರಲಿಲ್ಲ, ಆದರೂ ಅರ್ಧ ದಿನ ಹೋಗುತ್ತಿತ್ತು. ನನಗೆ ಅದು ಬೇಕಾದ ಅರ್ಧ ದಿನ. ಬೇವಿನಂಥ ಯಾವುದೋ ಮರದ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿ, ಪೆಟ್ಟಿಗೆ ತೆರೆದು ಲೆಕ್ಕ ಮುಗಿಸುತ್ತಿದ್ದೆ. ಸುತ್ತ ಕರಿದ ಹಿಟ್ಟಿನುಂಡೆ ಮಗ್ವಿನ್ಯಾ ಮಾರುವ ಹೆಂಗಸರು, ಕೈಯಲ್ಲಿ ನೋಟಿನ ಇಟ್ಟಿಗೆ ಹಿಡಿದ ಹಣ ಬದಲಿಸುವ ಹುಡುಗರು. ಆಚೆ ದಡದಲ್ಲಿ ಇಳಿದರೆ ನಿಜವಾದ ಪರೀಕ್ಷೆ. ಫೆರಿಯ ಶುಲ್ಕ ಒಂದು ಕಿಟಕಿಯಲ್ಲಿ, ಹೊಗೆ ತೆರಿಗೆ ಇನ್ನೊಂದರಲ್ಲಿ, ಸ್ಥಳೀಯ ಮಂಡಳಿಯ ಸುಂಕಕ್ಕೆ ಒಂದು ಗುಡಿಸಲು, ರಸ್ತೆ ಶುಲ್ಕಕ್ಕೊಂದು, ವಿಮೆಗೆ ಮತ್ತೊಂದು. ಒಂದೆಡೆ ಡಾಲರ್ ಮಾತ್ರ, ಇನ್ನೊಂದೆಡೆ ಜಾಂಬಿಯಾದ ಕ್ವಾಚಾ ಮಾತ್ರ. ಒಂದೊಂದು ಚೀಟಿಯೂ ಒಂದೊಂದು ಬಣ್ಣ, ಕಾರ್ಬನ್ ಹಾಳೆಯ ನೀಲಿ ಬೆರಳಿಗೆ ಅಂಟುತ್ತಿತ್ತು. 2013ರಲ್ಲಿ ಜಾಂಬಿಯಾ ಕ್ವಾಚಾದಿಂದ ಮೂರು ಸೊನ್ನೆ ತೆಗೆದಾಗ, ಹಳೆಯ ಅಂಕಿ ಮತ್ತು ಹೊಸ ಅಂಕಿಯ ಚೀಟಿಗಳು ಒಂದೇ ಕಂತೆಯಲ್ಲಿ ಸೇರಿ ನನ್ನ ತಲೆ ಕೆಡಿಸಿದವು.

ಅದಕ್ಕೂ ಮೊದಲಿನ ಜಿಂಬಾಬ್ವೆಯ ಹಣದುಬ್ಬರದ ಗದ್ದಲದ ಮುಂದೆ ಇದು ಏನೂ ಅಲ್ಲ. ಹಿಂದೆ ಬಹುತೇಕ ಟ್ರಕ್ಕುಗಳು ಜಲಪಾತದ ಜಿಂಬಾಬ್ವೆ ದಡದಲ್ಲೇ ಪ್ರವಾಸ ಮುಗಿಸುತ್ತಿದ್ದವು. ಡೀಸೆಲ್ ಸಿಗದೆ, ಅಂಗಡಿ ಬರಿದಾಗಿ, 2008ರ ಹೊತ್ತಿಗೆ ನಮ್ಮ ಗಿರಾಕಿ ಸಂಸ್ಥೆಯಂತೆ ಹಲವರು ಜಾಂಬಿಯಾದ ಲಿವಿಂಗ್‌ಸ್ಟನ್‌ಗೆ ಬದಲಿಸಿಕೊಂಡರು. ಪ್ರವಾಸಿಗರು ಮಾತ್ರ 1905ರ ರೈಲು ಸೇತುವೆ ನಡೆದು ದಾಟಿ ಆಚೆ ನೋಡಿ ಬರುತ್ತಿದ್ದರು, ಏಕೆಂದರೆ 1,700 ಮೀಟರ್ ಅಗಲದ ಆ ಜಲಪಾತದ ಹೆಚ್ಚು ಭಾಗ ಎದುರಿಗೆ ಕಾಣುವುದು ಅಲ್ಲಿಂದಲೇ. ಅಕ್ಟೋಬರ್, ನವೆಂಬರಿನಲ್ಲಿ ಜಾಂಬಿಯಾದ ಕಡೆ ಬರೀ ಬಂಡೆ. 2009ರ ಜನವರಿಯಲ್ಲಿ ಬಂದ ನೂರು ಲಕ್ಷಕೋಟಿ ಜಿಂಬಾಬ್ವೆ ಡಾಲರಿನ ನೋಟು ಕೆಲವೇ ವಾರಗಳಲ್ಲಿ ಸಂತೆಯ ಸರಕಾಯಿತು, ಸೇತುವೆಯ ಮೇಲೆ ಹುಡುಗರು ಅದನ್ನು ಅಮೆರಿಕದ ಡಾಲರಿಗೆ ಮಾರುತ್ತಿದ್ದರು. ಮೌಲ್ಯ ಕಳೆದುಕೊಂಡ ಮೇಲೆಯೇ ಆ ನೋಟಿಗೆ ಬೆಲೆ ಬಂತು. ಆಮೇಲೆ ದೇಶವೇ ಅಮೆರಿಕದ ಡಾಲರಿನಲ್ಲಿ ವ್ಯವಹಾರಕ್ಕಿಳಿದಾಗ ಚಿಲ್ಲರೆ ಇಲ್ಲ. ಅಂಗಡಿಯವರು ಬಾಕಿಗೆ ಪೆಪ್ಪರಮಿಂಟು, ಪೆನ್ನು ಕೊಡುತ್ತಿದ್ದರು. ಕಿಟ್ಟಿಯ ಪೆಟ್ಟಿಗೆಯಲ್ಲಿ ಒಮ್ಮೆ ಒಂದು ಹಿಡಿ ಪೆಪ್ಪರಮಿಂಟು ಸಿಕ್ಕಿತು, ಪಕ್ಕದಲ್ಲಿ ಅಡುಗೆಯವನ ಟಿಪ್ಪಣಿ: ‘ಎರಡು ಡಾಲರ್’. ನಾನು ಅದನ್ನು ಹಾಗೆಯೇ ಪುಸ್ತಕಕ್ಕೆ ಏರಿಸಿದೆ.

ಕೊನೆಯ ದಿನ ಬೆಳಿಗ್ಗೆ ಟ್ರಕ್ ತೊಳೆಯುವ ಕೆಲಸ. ಕಾಳಹರಿಯ ಧೂಳು ಸೀಟಿನ ಹೊಲಿಗೆಯಿಂದಲೂ ಉದುರುತ್ತಿತ್ತು. ಡೇರೆಗಳನ್ನು ಬಿಸಿಲಿಗೆ ಹರಡಿ ಗೂಟ ಎಣಿಸಬೇಕು, ಎಣಿಕೆ ಎಂದೂ ಸರಿಹೋಗುತ್ತಿರಲಿಲ್ಲ. ಬೇಡವಾದ ಸ್ಲೀಪಿಂಗ್ ಬ್ಯಾಗು, ಟಾರ್ಚು, ಬೂಟುಗಳನ್ನು ಜನ ಸಿಬ್ಬಂದಿಗೆ ಬಿಟ್ಟುಹೋಗುತ್ತಿದ್ದರು, ಇಲ್ಲವೇ ಕೆತ್ತನೆ ಮಾರುವವರ ಸಂತೆಗೆ ಒಯ್ದು ಮರದ ನೀರಾನೆಗೆ ಬದಲಿಸಿಕೊಳ್ಳುತ್ತಿದ್ದರು. ಮೊಣಕಾಲು ಹರಿದ ಜೀನ್ಸಿಗೆ ಎರಡು ನೀರಾನೆ ಕೇಳಿದವರನ್ನೂ ಕಂಡಿದ್ದೇನೆ. ಇದು ದಾನವೋ ವ್ಯಾಪಾರವೋ ಎಂದು ಅವರಿಗೇ ಗೊತ್ತಿರಲಿಲ್ಲ. ಸಂತೆಯವರಿಗೆ ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು. ನಾನು ಆ ಹೊತ್ತಿಗೆ ಊರೊಳಗಿನ ಗುಜರಾತಿಗಳ ಅಂಗಡಿಗೆ ಹೋಗಿ ತೊಗರಿಬೇಳೆ, ಉಪ್ಪಿನಕಾಯಿ ಕೊಳ್ಳುತ್ತಿದ್ದೆ.

ಬದಲಾವಣೆ ಒಂದೇ ದಿನ ಬರಲಿಲ್ಲ. ಮೊದಲು ಹೋದದ್ದು ಪೆಟ್ಟಿಗೆ. ನಗದು ಒಯ್ಯುವುದು ಅಪಾಯ, ಬೆಲೆ ಎರಡು ಕಡೆ ಹರಿದು ಹಂಚಿಹೋದರೆ ಗಿರಾಕಿಗೆ ಅನುಮಾನ ಎಂಬ ಕಾರಣಕ್ಕೆ ಎಲ್ಲವನ್ನೂ ಸೇರಿಸಿ ಮೊದಲೇ ಕಾರ್ಡಿನಲ್ಲಿ ವಸೂಲು ಮಾಡತೊಡಗಿದರು. ಸರಿಯಾದ ಕಾರಣಗಳೇ. ಆದರೆ ನಲವತ್ತು ಬ್ರೆಡ್ಡಿನ ಪ್ರಶ್ನೆ ಕೇಳುವವರು ಅಲ್ಲಿಗೆ ಇಲ್ಲವಾದರು. ತಮ್ಮ ಹಣವಿದ್ದಾಗ ಟೊಮೆಟೊ ಆರಿಸಲು ಜೊತೆಗೆ ಬರುತ್ತಿದ್ದವರು ಈಗ ಟೊಮೆಟೊ ಮೆತ್ತಗಿದೆ ಎಂದು ದೂರುತ್ತಾರೆ. ನನಗೆ ಕಂಡಂತೆ ಗುಂಪನ್ನು ಗುಂಪಾಗಿ ಹಿಡಿದಿಟ್ಟದ್ದು ಬೆಂಕಿಯ ಸುತ್ತ ಹಾಡಿದ ಹಾಡಲ್ಲ, ಆ ನೂರು ಪುಟದ ಪುಸ್ತಕ. ಹಾಗೆ ಹೇಳಿದರೆ ಮಾರ್ಗದರ್ಶಿಗಳು ಲೆಕ್ಕಿಗನ ಬುದ್ಧಿ ಎನ್ನುತ್ತಾರೆ, ಇರಲಿ. ಆಮೇಲೆ ಡೇರೆಯ ಬದಲು ಕೋಣೆ ಬೇಕೆನ್ನುವವರ ಪ್ರವಾಸಗಳು ಹೆಚ್ಚಿದವು, ಸೀಟಿನ ಪಕ್ಕ ಫೋನ್ ಚಾರ್ಜ್ ಮಾಡುವ ಸಾಕೆಟ್ ಬಂತು. 2020ರ ಮಾರ್ಚ್‌ನಲ್ಲಿ ಕೊರೊನಾ ಗಡಿಗಳನ್ನು ಮುಚ್ಚಿಸಿತು. ಟ್ರಕ್ಕುಗಳು ಯಾರ್ಡಿನಲ್ಲಿ ನಿಂತವು, ದಿನಗೂಲಿಯ ಲೆಕ್ಕದಲ್ಲಿ ದುಡಿಯುತ್ತಿದ್ದ ಚಾಲಕರು, ಅಡುಗೆಯವರು ಊರು ಸೇರಿ ಕೋಳಿ ಸಾಕಿದರು, ಟ್ಯಾಕ್ಸಿ ಓಡಿಸಿದರು.

ಮತ್ತೆ ಟ್ರಕ್ ಹತ್ತಿದ್ದು 2022ರಲ್ಲಿ. ಕಜುಂಗುಲಾದಲ್ಲಿ ಕುರ್ಚಿ ಬಿಚ್ಚುವ ಅಗತ್ಯವೇ ಬೀಳಲಿಲ್ಲ. 2021ರ ಮೇ 10ರಂದು ತೆರೆದ ಸೇತುವೆ 923 ಮೀಟರ್ ಉದ್ದ, ಜಿಂಬಾಬ್ವೆಯ ನೀರನ್ನು ಮುಟ್ಟದಿರಲೆಂದು ಬಿಲ್ಲಿನಂತೆ ಬಾಗಿದೆ, ನಡುವೆ ರೈಲಿಗೂ ಜಾಗ ಬಿಟ್ಟಿದ್ದಾರೆ. ಎರಡು ದೇಶಗಳ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕೂರುತ್ತಾರೆ. ನಮ್ಮ ಚಾಲಕ ಸೇತುವೆಯ ನಡುವೆ ವೇಗ ತಗ್ಗಿಸಿ, ‘ರ್ರಾ, ಇಲ್ಲಿ ಕೆಳಗೆ ನನ್ನ ಒಂದು ವಾರ ಮುಳುಗಿದೆ’ ಎಂದ. ಬೋಟ್ಸ್ವಾನಾದಲ್ಲಿ ಹಿರಿಯ ಗಂಡಸರನ್ನು ರ್ರಾ ಎಂದೇ ಕರೆಯುವುದು. ಅವನು ಪ್ರವಾಸಕ್ಕೆ ಬರುವ ಮೊದಲು ತಾಮ್ರದ ಲಾರಿ ಓಡಿಸಿದವನು. ಫೆರಿಯ ಕಾಲ ಎಷ್ಟು ಚೆನ್ನಾಗಿತ್ತು ಎಂದು ಹಲುಬುವ ಹಳೆಯ ಪ್ರವಾಸಿಗರನ್ನು ಅವನ ಮುಂದೆ ನಿಲ್ಲಿಸಬೇಕು.

ಲಿವಿಂಗ್‌ಸ್ಟನ್‌ನಲ್ಲಿ ಗುಂಪು ಚದುರಿ ವಿಮಾನ ನಿಲ್ದಾಣದ ವ್ಯಾನು ಹೋದ ಮೇಲೆ ಬುಲವಾಯೊ ಕಡೆಯ ಅಡುಗೆಯವ ಫೋನು ಹಿಡಿದು ಬಂದ. ಉಳಿದ ದಿನಸಿಯನ್ನು ಈಗ ಫೋನಿನಲ್ಲೇ ನಮೂದಿಸಿ ಮುಂದಿನ ಪ್ರವಾಸಕ್ಕೆ ವರ್ಗಾಯಿಸಬೇಕು, ಅದು ಪೂರ್ಣ ಸಂಖ್ಯೆ ಮಾತ್ರ ತೆಗೆದುಕೊಳ್ಳುತ್ತದೆ.

‘ಬಾಬಾ, ಅರ್ಧ ಬಾಟಲಿ ಸಾಸ್ ಇದೆ. ಅರ್ಧ ಅಂದರೆ ಇದು ಒಪ್ಪಲ್ಲ. ಒಂದು ಅಂದರೆ ನಾನು ಸುಳ್ಳುಗಾರ.’

‘ಸೊನ್ನೆ ಅಂತ ಹಾಕು, ಬಾಟಲಿ ಮನೆಗೆ ಒಯ್ಯಿ.’

‘ಆಗ ಕಳ್ಳ’ ಎಂದು ಅವನು ಒಂದು ಒತ್ತಿದ. ಸಂಜೆ ಆರಕ್ಕೆ ಮುಂದಿನ ಗುಂಪಿನ ಸಭೆ ಇತ್ತು, ಅಷ್ಟರೊಳಗೆ ಗ್ಯಾಸ್ ಸಿಲಿಂಡರ್ ತುಂಬಿಸಿಕೊಂಡು ಬರಬೇಕಿತ್ತು.