ಚೆಂಡಾಟದ ಸಾಕ್ರೆಟೀಸ

ಅಥೆನ್ಸಿನ ಜ್ಞಾನಿಯ ಹೆಸರನ್ನು ಹೊತ್ತವನೊಬ್ಬನು ಕಾಲ್ಚೆಂಡಾಟದಿಂದ ಹೊಟ್ಟೆ ಹೊರೆದನೆಂದರೆ ಕೇಳಿದವರಿಗೆ ಮೊದಲು ನಗೆ ಬರುವುದು ಸಹಜ. ಬ್ರೆಜಿಲ್ ದೇಶದಲ್ಲಿ ಆಟಗಾರರನ್ನು ಒಂದೇ ಮಾತಿನ ಹೆಸರಿನಿಂದ ಕರೆಯುವ ರೂಢಿಯುಂಟು. ಆ ಹೆಸರು ಅನೇಕ ವೇಳೆ ಅಕ್ಕರೆಯ ಅಡ್ಡಹೆಸರಾಗಿರುತ್ತದೆ. ಪೆಲೆ, ಗಾರಿಂಚ, ಝೀಕೊ ಎಂಬುವೆಲ್ಲ ಅಂಥವು. ಸಾಕ್ರೆಟೀಸನದು ಮಾತ್ರ ತಂದೆ ಇಟ್ಟ ಹೆಸರೇ. ಪೂರ್ತಿಯಾಗಿ ಹೇಳುವುದಾದರೆ, ಸಾಕ್ರೆಟೀಸ್ ಬ್ರಸಿಲೇರೊ ಸಂಪಾಯೊ ಡಿ ಸೋಜ ವಿಯೇರ ಡಿ ಒಲಿವೇರ. ಅವನು ಹುಟ್ಟಿದುದು 1954ನೆಯ ಇಸವಿ ಫೆಬ್ರವರಿ 19ರಂದು, ಅಮೆಜಾನ್ ನದಿಯು ಕಡಲನ್ನು ಸೇರುವ ಸೀಮೆಯ ಬೆಲೆಂ ಪಟ್ಟಣದಲ್ಲಿ.

ತಂದೆಯಾದ ರೈಮುಂಡೊ ಬಡತನದಲ್ಲಿ ಬೆಳೆದವನು. ಸ್ವಂತ ಶ್ರಮದಿಂದ ಪುಸ್ತಕ ಹಿಡಿದು ಕಲಿತು ತೆರಿಗೆಯ ಇಲಾಖೆಯಲ್ಲಿ ಅಧಿಕಾರಿಯಾದವನು. ಹೀಗೆ ಕಷ್ಟದಿಂದ ಓದಿದವನಿಗೆ ಪುಸ್ತಕದ ಮೇಲಿರುವ ಭಕ್ತಿಯು, ಸುಲಭವಾಗಿ ಓದಿದವರಿಗೆ ತಿಳಿಯುವಂಥದಲ್ಲ. ಪ್ಲೇಟೋವಿನ ಗ್ರಂಥದಲ್ಲಿ ಮನಸ್ಸು ನೆಟ್ಟು, ಮೊದಲ ಮೂವರು ಗಂಡುಮಕ್ಕಳಿಗೆ ಸಾಕ್ರೆಟೀಸ್, ಸೋಸ್ಥೆನೀಸ್, ಸೋಫೊಕ್ಲೀಸ್ ಎಂದು ಹೆಸರಿಟ್ಟನು. ಮುಂದಿನವರ ಕಾಲಕ್ಕೆ ಗ್ರೀಕರ ಮೇಲಿನ ಆವೇಶ ಸ್ವಲ್ಪ ತಗ್ಗಿತೆಂದು ತೋರುತ್ತದೆ. ನಾಲ್ಕನೆಯವನಿಗೆ ತನ್ನ ಹೆಸರನ್ನೇ ಕೊಟ್ಟನು. ಆರನೆಯವನಾದ ರಾಯಿ ಎಂಬುವನು 1994ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿದ್ದನು. ಅಣ್ಣನಿಗೆ ದೊರೆಯದುದು ತಮ್ಮನಿಗೆ ದೊರೆಯಿತು.

ಮನೆಯವರು ಸಾವೊ ಪೌಲೊ ಪ್ರಾಂತದ ಒಳನಾಡಿನಲ್ಲಿರುವ ರಿಬೇರಾಂವ್ ಪ್ರೆತೊ ಎಂಬ ಊರಿಗೆ ಬಂದು ನೆಲೆಸಿದರು. 1964ರಲ್ಲಿ ಸೈನ್ಯವು ರಾಜ್ಯಾಧಿಕಾರವನ್ನು ಕಿತ್ತುಕೊಂಡಿತು. ಆಗ ಹುಡುಗನಿಗೆ ಹತ್ತು ವರ್ಷ. ಒಂದು ದಿನ ಅವನ ತಂದೆಯು ತನ್ನ ಪುಸ್ತಕಗಳಲ್ಲಿದ್ದ, ರಷ್ಯದ ಬೋಲ್ಷೆವಿಕರನ್ನು ಕುರಿತ ಗ್ರಂಥವನ್ನು ಬೆಂಕಿಗೆ ಹಾಕಿದನು. ಮನೆಯಲ್ಲಿ ದೇವರ ಪೀಠದಂತಿದ್ದ ಪುಸ್ತಕದ ಕಪಾಟಿನಿಂದ ತಂದೆಯೇ ಒಂದನ್ನು ತೆಗೆದು ಸುಡುವುದನ್ನು ಮಗನು ನೋಡಿದನು. ಭಯವೆಂಬುದು ಹೇಗಿರುತ್ತದೆಂಬುದನ್ನು ಆ ದಿನ ಅರಿತಂತೆ ಅವನು ದೊಡ್ಡವನಾದ ಮೇಲೆ ಪುನಃ ಪುನಃ ಹೇಳುತ್ತಿದ್ದನು. ಅವನ ಮುಂದಿನ ಬಾಳಿನಲ್ಲಿ ಹಟವೆಂದು ಕೆಲವರಿಗೆ ತೋರಿದುದೆಲ್ಲ ಈ ಬೂದಿಯಿಂದ ಎದ್ದುದೆಂದು ಭಾವಿಸಿದರೆ ತಪ್ಪಾಗಲಾರದು.

ಆ ಊರಿನ ವಿಶ್ವವಿದ್ಯಾನಿಲಯದ ವೈದ್ಯಶಾಲೆಯಲ್ಲಿ ಅವನು ವಿದ್ಯಾರ್ಥಿಯಾದನು. ಅದೇ ಕಾಲಕ್ಕೆ ಊರಿನ ಬೊಟಾಫೊಗೊ ಸಂಘದಲ್ಲಿ ಸಂಬಳದ ಆಟಗಾರನೂ ಆದನು. ಎರಡು ದೋಣಿಯಲ್ಲಿ ಕಾಲಿಟ್ಟವನು ನೀರಿಗೆ ಬೀಳುವನೆಂಬುದು ಲೋಕದ ಮಾತು. ಇವನು ಬೀಳಲಿಲ್ಲ. ಹಗಲು ರೋಗಿಗಳ ನಡುವೆ ಇದ್ದು, ಅಭ್ಯಾಸಕ್ಕೆ ಅನೇಕ ದಿನ ಬಾರದೆಯೇ, ಪಂದ್ಯದ ದಿನ ಬಂದು ಆಡಿ ಹೋಗುತ್ತಿದ್ದನು. ದೊಡ್ಡ ಸಂಘಗಳು ಕರೆದರೂ ಪದವಿ ಕೈಗೆ ಬರುವ ತನಕ ಊರನ್ನು ಬಿಡಲಿಲ್ಲ. 1977ರಲ್ಲಿ ವೈದ್ಯನಾಗಿ ಹೊರಬಂದು, 1978ರಲ್ಲಿ ಸಾವೊ ಪೌಲೊ ನಗರದ ಕೊರಿಂಥಿಯನ್ಸ್ ಸಂಘವನ್ನು ಸೇರಿದನು. ಮುಂದೆ ಬ್ರೆಜಿಲಿನವರು ಅವನನ್ನು 'ಡಾಕ್ಟರ್' ಎಂದೇ ಕರೆದರು.

ಅವನ ಆಟದ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬಯಲಿನ ನಡುವೆ ನಿಂತು ಆಡುವವನಿಗೆ ಗೋಲು ಹೊಡೆಯುವವನ ಕೀರ್ತಿಯಿಲ್ಲ, ಗೋಲು ಕಾಯುವವನ ಏಕಾಂತವೂ ಇಲ್ಲ. ಹಿಂದಿನವರಿಂದ ಬಂದ ಚೆಂಡನ್ನು ಮುಂದಿನವರಿಗೆ ಸಲ್ಲಿಸುವುದು ಅವನ ಧರ್ಮ. ಆದುದರಿಂದ ಎಲ್ಲರಿಗಿಂತ ಹೆಚ್ಚಾಗಿ ನೋಡಬೇಕಾದವನು ಅವನು. ಸಾಕ್ರೆಟೀಸನು ಆರಡಿಗೂ ಮೀರಿದ ಎತ್ತರದ, ಸಣಕಲು ಮೈಯ ಮನುಷ್ಯ. ಆ ಎತ್ತರಕ್ಕೆ ಪಾದಗಳು ಮಾತ್ರ ತೀರ ಚಿಕ್ಕವು. ಅಂಥ ಮೈಯನ್ನು ಥಟ್ಟನೆ ತಿರುಗಿಸುವುದು ಕಷ್ಟ. ಅದಕ್ಕಾಗಿ ಅವನು ತಿರುಗುವ ಗೋಜಿಗೇ ಹೋಗದೆ, ಹಿಮ್ಮಡಿಯಿಂದಲೇ ಚೆಂಡನ್ನು ಹಿಂದಿದ್ದವನಿಗೆ ಒದೆದುಬಿಡುತ್ತಿದ್ದನು. ನೋಡುವವರು ಅದನ್ನು ಚಮತ್ಕಾರವೆಂದರು. ಅವನಿಗೆ ಅದು ಮೈಯ ಕೊರತೆಯನ್ನು ನೀಗುವ ಉಪಾಯವಾಗಿದ್ದಿತು. ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ಗೋಲಾದಾಗ ಕುಣಿಯದೆ ಒಂದು ಮುಷ್ಟಿಯನ್ನು ಆಕಾಶಕ್ಕೆ ಎತ್ತಿ ನಿಲ್ಲುವುದು ಅವನ ವಾಡಿಕೆ. ಕೊರಿಂಥಿಯನ್ಸಿಗಾಗಿ ಅವನು ಸುಮಾರು 300 ಪಂದ್ಯಗಳನ್ನಾಡಿ 170ಕ್ಕೂ ಹೆಚ್ಚು ಗೋಲು ಹೊಡೆದನು. ನಡುಬಯಲಿನವನಿಗೆ ಇದು ಸಣ್ಣ ಲೆಕ್ಕವಲ್ಲ.

ಕೊರಿಂಥಿಯನ್ಸ್ ಎಂಬುದು 1910ರಲ್ಲಿ ಕೂಲಿಕಾರರು ಕೂಡಿ ಕಟ್ಟಿದ ಸಂಘ. ಆದರೂ ಅಲ್ಲಿನ ಆಳಿಕೆಯು ಕೂಲಿಕಾರರದಾಗಿರಲಿಲ್ಲ. ಬ್ರೆಜಿಲಿನ ಸಂಘಗಳಲ್ಲಿ ಆಟಗಾರನೆಂದರೆ ಒಡೆಯನ ಸೊತ್ತು. ಪಂದ್ಯಕ್ಕೆ ಮುಂಚೆ ದಿನಗಟ್ಟಲೆ ಅವನನ್ನು ಹೊಟೆಲಿನಲ್ಲಿ ಕೂಡಿಹಾಕುವ ಪದ್ಧತಿಯೂ ಇದ್ದಿತು. ಹೆಂಡಿರು ಮಕ್ಕಳುಳ್ಳ ಗಂಡಸರನ್ನು ಮೇಯಲು ಹೋಗಿ ಕೆಡುವ ಕರುಗಳೆಂಬಂತೆ ಕಟ್ಟಿಹಾಕುವುದು ಹೇಗೆ ನ್ಯಾಯವೆಂದು ಕೇಳುವವರಿರಲಿಲ್ಲ. 1981ರಲ್ಲಿ ತಂಡವು ಹೀನಾಯವಾಗಿ ಸೋತ ಮೇಲೆ ಹೊಸ ಆಡಳಿತ ಬಂದಿತು. ಆಟದ ಮೇಲ್ವಿಚಾರಣೆಗೆ ಅದೀಲ್ಸನ್ ಮೊಂತೇರೊ ಅಲ್ವೆಸ್ ಎಂಬ ಸಮಾಜಶಾಸ್ತ್ರಜ್ಞನು ನೇಮಕವಾದನು. ಚೆಂಡಿನ ವಿಷಯ ಅವನಿಗೆ ಹೆಚ್ಚು ತಿಳಿಯದು. ತಿಳಿಯದೆಂಬುದನ್ನು ಬಚ್ಚಿಡದೆ ಆಟಗಾರರನ್ನೇ ಕೂರಿಸಿಕೊಂಡು, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದನು. ಅಧಿಕಾರಿಗಳಾದವರು ಹೀಗೆ ಕೇಳುವುದು ಎಷ್ಟು ಅಪರೂಪವೆಂಬುದನ್ನು ವಾಚಕರು ಬಲ್ಲರು.

ಅಲ್ಲಿಂದ ಮುಂದೆ ನಡೆದುದಕ್ಕೆ 'ಕೊರಿಂಥಿಯನ್ಸಿನ ಪ್ರಜಾಪ್ರಭುತ್ವ'ವೆಂದು ಹೆಸರಾಯಿತು. ಸಾಕ್ರೆಟೀಸ್, ಕರಿಯರ ಕುಲದವನೂ ಕಾರ್ಮಿಕ ಸಂಘಟನೆಯಲ್ಲಿ ಪಳಗಿದವನೂ ಆದ ವ್ಲಾದಿಮಿರ್, ಇನ್ನೂ ಇಪ್ಪತ್ತು ತುಂಬದ ಕಾಸಗ್ರಾಂಡೆ ಎಂಬ ಮೂವರು ಇದರ ಮುಂದಾಳುಗಳು. ಸಂಘದ ಸಂಗತಿಗಳೆಲ್ಲ ಮತಕ್ಕೆ ಬೀಳತೊಡಗಿದವು: ಅಭ್ಯಾಸ ಯಾವ ಹೊತ್ತಿಗೆ, ಊಟ ಎಷ್ಟು ಗಂಟೆಗೆ, ಹೊಸಬರಲ್ಲಿ ಯಾರನ್ನು ತೆಗೆದುಕೊಳ್ಳಬೇಕು, ಹೊಟೆಲಿನ ಸೆರೆವಾಸ ಬೇಕೆ ಬೇಡವೆ. ದೇಶದ ತಂಡಕ್ಕೆ ನಾಯಕನಾದ ಸಾಕ್ರೆಟೀಸನಿಗೆ ಒಂದು ಮತ. ಆಟಗಾರರ ಕಾಲು ತಿಕ್ಕುವವನಿಗೂ, ಬೂಟು ಅಂಗಿಗಳನ್ನು ನೋಡಿಕೊಳ್ಳುವವನಿಗೂ ಒಂದೊಂದೇ ಮತ. ಹೊಟೆಲಿನ ಕಟ್ಟು ಕಳಚಿತು. ಇದು ಎಲ್ಲರಿಗೂ ಹಿಡಿಸಿತೆನ್ನುವಂತಿಲ್ಲ. 1983ರಲ್ಲಿ ಬಂದ ಪ್ರಸಿದ್ಧ ಗೋಲ್‌ಕೀಪರ್ ಲೆಯಾಂವನಿಗೆ ಈ ಕ್ರಮ ಸರಿಬೀಳಲಿಲ್ಲ. ಕೆಲವರ ಮಾತೇ ಅಲ್ಲಿ ನಡೆಯುತ್ತದೆಂಬುದು ಅವನ ಆಕ್ಷೇಪಣೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಚೆನ್ನಾಗಿ ಮಾತನಾಡಬಲ್ಲ ವೈದ್ಯನೊಬ್ಬನು ಸಭೆಯಲ್ಲಿದ್ದರೆ ಬಟ್ಟೆ ಕಾಯುವವನ ಮತವು ಎಷ್ಟರಮಟ್ಟಿಗೆ ಅವನದೇ ಆಗಿರುವುದೆಂಬ ಸಂಶಯ ಎಲ್ಲ ಪ್ರಜಾಪ್ರಭುತ್ವಗಳಿಗೂ ಅಂಟಿದ ಸಂಶಯವೇ. ಆದರೂ ದೇಶವೆಲ್ಲ ಬಾಯಿ ಕಟ್ಟಿ ಕುಳಿತಿದ್ದ ಕಾಲದಲ್ಲಿ ಕೈಯೆತ್ತಿ ಎಣಿಸುವ ಒಂದು ಮನೆಯಾದರೂ ಇದ್ದುದು ಸಣ್ಣ ಮಾತಲ್ಲ.

1982ರ ನವೆಂಬರ್ 15ರಂದು ಪ್ರಾಂತಾಧಿಪತಿಗಳ ಚುನಾವಣೆ ನಡೆಯಬೇಕಾಗಿದ್ದಿತು; ಬಹುಕಾಲದ ಮೇಲೆ ಜನರು ನೇರವಾಗಿ ಆರಿಸುವ ಅವಕಾಶ ಅದು. ಕೊರಿಂಥಿಯನ್ಸಿನ ಆಟಗಾರರು ಅಂಗಿಯ ಬೆನ್ನಿನ ಮೇಲೆ, ಹದಿನೈದರಂದು ಮತ ನೀಡಿ ಎಂಬರ್ಥದ ಅಕ್ಷರಗಳನ್ನು ಬರೆಸಿಕೊಂಡು ಬಯಲಿಗಿಳಿದರು. ಇಂಥ ಪಕ್ಷಕ್ಕೆ ಎಂದು ಅದರಲ್ಲಿರಲಿಲ್ಲ. ಮತ ನೀಡಿ ಎಂದಷ್ಟೇ. 1982ರಲ್ಲಿಯೂ 1983ರಲ್ಲಿಯೂ ಪ್ರಾಂತದ ಪ್ರಶಸ್ತಿಯನ್ನು ತಂಡವೇ ಗೆದ್ದಿತು. 1983ರ ಕಡೆಯ ಎರಡು ಪಂದ್ಯಗಳಲ್ಲಿ ಕೊರಿಂಥಿಯನ್ಸಿನ ಗೋಲುಗಳೆರಡೂ ಸಾಕ್ರೆಟೀಸನವು. ಸ್ವಾತಂತ್ರ್ಯ ಕೊಟ್ಟರೆ ಶಿಸ್ತು ಕೆಡುವುದೆಂದು ಹೇಳುತ್ತಿದ್ದವರು ಆ ಎರಡು ವರ್ಷ ಸುಮ್ಮನಿರಬೇಕಾಯಿತು.

ಇದರ ನಡುವೆ 1982ರ ಬೇಸಗೆಯಲ್ಲಿ ಸ್ಪೇನ್ ದೇಶದ ವಿಶ್ವಕಪ್. ತೆಲೆ ಸಂತಾನನು ತರಬೇತು ಮಾಡಿದ ಬ್ರೆಜಿಲ್ ತಂಡಕ್ಕೆ ಸಾಕ್ರೆಟೀಸನೇ ನಾಯಕ. ನಡುಬಯಲಿನಲ್ಲಿ ಅವನೊಡನೆ ಝೀಕೊ, ಫಾಲ್ಕಾಂವ್, ಸೆರೆಜೊ. ಜೂನ್ 14ರಂದು ಸೆವಿಲ್ ನಗರದಲ್ಲಿ ರಷ್ಯದವರು ಮೊದಲ ಗೋಲು ಹೊಡೆದರು. ಸಾಕ್ರೆಟೀಸನು ಇಬ್ಬರನ್ನು ತಪ್ಪಿಸಿ ದೂರದಿಂದ ಒದೆದ ಚೆಂಡು ಮೇಲಿನ ಮೂಲೆಯನ್ನು ಹೊಕ್ಕು ಸಮವಾಯಿತು, ಏಡರನ ಗೋಲಿನಿಂದ ಗೆಲವಾಯಿತು. ಅನಂತರ ಸ್ಕಾಟ್ಲೆಂಡ್, ನ್ಯೂಜಿಲೆಂಡ್, ಅರ್ಜೆಂಟೀನ ಒಂದಾದ ಮೇಲೊಂದು ಸೋತವು.

ಜುಲೈ 5ರಂದು ಬಾರ್ಸಿಲೋನದ ಸಾರಿಯ ಬಯಲಿನಲ್ಲಿ ಇಟಲಿಯೊಡನೆ ಪಂದ್ಯ. ಸಮವಾದರೂ ಸಾಕು, ಬ್ರೆಜಿಲ್ ಮುಂದೆ ಹೋಗುವುದು. ಇಟಲಿಯ ಪಾವ್ಲೊ ರೋಸಿಯು ಪಂಥದ ಹಗರಣದಲ್ಲಿ ಸಿಕ್ಕಿ ಎರಡು ವರ್ಷ ಆಟದಿಂದ ಹೊರಗಿದ್ದು ಆಗತಾನೆ ಮರಳಿದ್ದವನು. ಹಿಂದಿನ ನಾಲ್ಕು ಪಂದ್ಯಗಳಲ್ಲಿ ಅವನಿಂದ ಒಂದು ಗೋಲೂ ಆಗಿರಲಿಲ್ಲ. ಐದನೆಯ ನಿಮಿಷದಲ್ಲಿ ಅವನೇ ಹೊಡೆದನು. ಹನ್ನೆರಡನೆಯ ನಿಮಿಷದಲ್ಲಿ ಝೀಕೊ ಎದುರಾಳಿಯನ್ನು ಮೈತಿರುಗಿಸಿ ವಂಚಿಸಿ ಚೆಂಡನ್ನು ಸೀಳುದಾರಿಯಲ್ಲಿ ಕಳುಹಿಸಿದನು. ಸಾಕ್ರೆಟೀಸನು ಬಲಗಡೆಯಿಂದ ನುಗ್ಗಿ, ವೃದ್ಧನಾದ ಗೋಲ್‌ಕೀಪರ್ ಜಾಫನಿಗೂ ಹತ್ತಿರದ ಕಂಬಕ್ಕೂ ನಡುವಣ ಸಂದಿಯಲ್ಲಿ ಒದೆದನು. ಸಮ. ಸೆರೆಜೊ ಅಡ್ಡಲಾಗಿ ಕಳುಹಿಸಿದ ಅಜಾಗರೂಕ ಚೆಂಡನ್ನು ರೋಸಿ ಕದ್ದು ಮತ್ತೆ ಗೋಲು ಮಾಡಿದನು. ಅರುವತ್ತೆಂಟನೆಯ ನಿಮಿಷದಲ್ಲಿ ಫಾಲ್ಕಾಂವ್ ಪುನಃ ಸಮ ಮಾಡಿದನು.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಇನ್ನು ಇಪ್ಪತ್ತೆರಡು ನಿಮಿಷ ಬಾಗಿಲು ಮುಚ್ಚಿಕೊಂಡು ಕುಳಿತಿದ್ದರೆ ಬ್ರೆಜಿಲಿಗೆ ಸಾಕಾಗಿದ್ದಿತು. ಅವರು ಕುಳಿತುಕೊಳ್ಳಲಿಲ್ಲ, ಮೂರನೆಯ ಗೋಲಿಗಾಗಿ ಮುಂದೆ ನುಗ್ಗಿದರು. ಎಪ್ಪತ್ತನಾಲ್ಕನೆಯ ನಿಮಿಷದಲ್ಲಿ ರೋಸಿಯ ಮೂರನೆಯ ಗೋಲು ಬಂದಿತು. ಕಡೆಯಲ್ಲಿ ಆಸ್ಕರನು ತಲೆಯಿಂದ ಹೊಡೆದ ಚೆಂಡನ್ನು ಜಾಫ್ ಗೆರೆಯ ಮೇಲೆಯೇ ಅವುಚಿಕೊಂಡನು. ಮೂರಕ್ಕೆ ಎರಡು. ಇದು ಮೂರ್ಖತನವೆಂದು ಲೆಕ್ಕ ಬಲ್ಲವರು ಅಂದೂ ಹೇಳಿದರು, ಇಂದೂ ಹೇಳುತ್ತಾರೆ. ಲೆಕ್ಕ ಅವರ ಕಡೆಗೇ ಇದೆ. ಆದರೆ ಆ ವರ್ಷದ ಕಪ್ಪನ್ನು ಗೆದ್ದ ತಂಡದಷ್ಟೇ ಅಕ್ಕರೆಯಿಂದ ಸೋತ ತಂಡವನ್ನು ಜನ ನೆನೆಯುತ್ತ ಬಂದಿರುವುದೂ ನಿಜ. ಸಾರಿಯ ಬಯಲನ್ನು 1997ರಲ್ಲಿ ಕೆಡವಿದರು.

1984ರ ವೇಳೆಗೆ ಬ್ರೆಜಿಲಿನಲ್ಲಿ ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸಬೇಕೆಂಬ ಕೂಗು ಬಲವಾಯಿತು. ಇಟಲಿಯ ಫಿಯೊರೆಂತೀನ ಸಂಘದಿಂದ ಸಾಕ್ರೆಟೀಸನಿಗೆ ದೊಡ್ಡ ಹಣದ ಕರೆ ಬಂದಿದ್ದಿತು. ಏಪ್ರಿಲ್ 16ರಂದು ಸಾವೊ ಪೌಲೊ ನಗರದ ಅನ್ಯಂಗಬಾವು ಕಣಿವೆಯಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನ ಸೇರಿದ್ದರೆಂದು ಅಂದಾಜು. ಆ ಜನಸಾಗರದ ಮುಂದೆ, ಶಾಸನದ ತಿದ್ದುಪಡಿಯನ್ನು ಪಾರ್ಲಿಮೆಂಟು ಒಪ್ಪಿದರೆ ತಾನು ಇಟಲಿಗೆ ಹೋಗುವುದಿಲ್ಲವೆಂದು ಅವನು ಮಾತು ಕೊಟ್ಟನು. ಕಾಲ್ಚೆಂಡಾಟಗಾರನು ತನ್ನ ಕೂಲಿಯನ್ನು ದೇಶದ ಶಾಸನಕ್ಕೆ ಪಣವಾಗಿ ಒಡ್ಡಿದ ಪ್ರಸಂಗ ಇನ್ನೊಂದುಂಟೋ ಇಲ್ಲವೋ. ಏಪ್ರಿಲ್ 25ರಂದು ಮತ ಎಣಿಸಿದರು. ಬೇಕಾಗಿದ್ದುದು 320, ದೊರೆತುದು 298. ನೂರಕ್ಕೂ ಹೆಚ್ಚು ಸದಸ್ಯರು ಸಭೆಗೇ ಬರಲಿಲ್ಲ. ಇಪ್ಪತ್ತೆರಡು ಮತಗಳ ಕೊರತೆಯಿಂದ ತಿದ್ದುಪಡಿ ಬಿದ್ದಿತು. ಸಾಕ್ರೆಟೀಸನು ಇಟಲಿಗೆ ಹೊರಟನು. ಅವನು ಹೋದ ಮೇಲೆ ಕೊರಿಂಥಿಯನ್ಸಿನ ಪ್ರಜಾಪ್ರಭುತ್ವವೂ ಹೆಚ್ಚು ಕಾಲ ಬಾಳಲಿಲ್ಲ.

ಫ್ಲಾರೆನ್ಸಿನಲ್ಲಿ ಕಳೆದ ಒಂದು ವರ್ಷದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ಅಲ್ಲಿನ ಚಳಿ, ಕಟ್ಟುನಿಟ್ಟಿನ ಅಭ್ಯಾಸ ಯಾವುದೂ ಅವನಿಗೆ ಒಗ್ಗಲಿಲ್ಲ. 1985ರಲ್ಲಿ ಊರಿಗೆ ಮರಳಿದನು.

1986ರ ಮೆಕ್ಸಿಕೊ ವಿಶ್ವಕಪ್ಪಿನ ಹೊತ್ತಿಗೆ ಅವನಿಗೆ ಮೂವತ್ತೆರಡು. ಹಿಂದಿನ ವರ್ಷ ಭೂಕಂಪದಿಂದ ನಲುಗಿದ್ದ ಆ ದೇಶದ ಪರವಾಗಿ ಹಣೆಯ ಪಟ್ಟಿಯ ಮೇಲೆ ಮಾತೊಂದನ್ನು ಬರೆದುಕೊಂಡು ಆಡಿದನು. ಪೋಲೆಂಡಿನ ಎದುರು ಪೆನಾಲ್ಟಿ ಒದೆತವನ್ನು ಓಡಿ ಬರದೆ, ನಿಂತಲ್ಲಿಂದ ಒಂದೇ ಹೆಜ್ಜೆಯಿಟ್ಟು ಗೋಲು ಮಾಡಿದನು. ಜೂನ್ 21ರಂದು ಗ್ವಾದಲಹಾರದಲ್ಲಿ ಫ್ರಾನ್ಸಿನೊಡನೆ ಪಂದ್ಯ ಒಂದಕ್ಕೊಂದು ಸಮವಾಗಿ, ಪೆನಾಲ್ಟಿಗಳಿಂದ ನಿರ್ಣಯಿಸಬೇಕಾಯಿತು. ಬ್ರೆಜಿಲಿನ ಮೊದಲ ಒದೆತ ಸಾಕ್ರೆಟೀಸನದು. ಅದೇ ಒಂದು ಹೆಜ್ಜೆ. ಈ ಸಲ ಗೋಲ್‌ಕೀಪರ್ ಬಾಟ್ಸನು ಕೈಚಾಚಿ ತಡೆದನು. ನಾಲ್ಕಕ್ಕೆ ಮೂರರಲ್ಲಿ ಬ್ರೆಜಿಲ್ ಸೋತಿತು. ಓಡಿ ಬಂದು ಒದೆದಿದ್ದರೆ ಗೋಲಾಗುತ್ತಿತ್ತೆಂದು ಹೇಳುವವರಿಗೆ, ಹಾಗೆ ಒದೆಯುವವನು ಸಾಕ್ರೆಟೀಸನಾಗಿರುತ್ತಿರಲಿಲ್ಲವೆಂಬುದೇ ಉತ್ತರ. ದೇಶಕ್ಕಾಗಿ ಆಡಿದ ಪಂದ್ಯಗಳು 60, ಗೋಲುಗಳು 22. ಇದು ಅವುಗಳಲ್ಲಿ ಕಡೆಯದು.

ಫ್ಲಮೆಂಗೊ, ಸಾಂತೊಸ್ ಸಂಘಗಳಲ್ಲಿ ಆಡಿ, 1989ರಲ್ಲಿ ಹುಟ್ಟುಹಾಕಿದ ಬೊಟಾಫೊಗೊ ಸಂಘದಲ್ಲಿಯೇ ಆಟ ಮುಗಿಸಿದನು. ಅದೇ ವರ್ಷ ಬ್ರೆಜಿಲಿನವರು ತಮ್ಮ ಅಧ್ಯಕ್ಷನನ್ನು ನೇರವಾಗಿ ಆರಿಸಿಕೊಂಡರು. 2004ರಲ್ಲಿ, ಐವತ್ತರ ಪ್ರಾಯದಲ್ಲಿ, ಇಂಗ್ಲೆಂಡಿನ ಗಾರ್ಫರ್ತ್ ಎಂಬ ಚಿಕ್ಕ ಊರಿನ ತಂಡಕ್ಕಾಗಿ ಚಳಿಯಲ್ಲಿ ಸುಮಾರು ಹನ್ನೆರಡು ನಿಮಿಷ ಆಡಿದುದೂ ಉಂಟು.

ಒಂದನ್ನು ಮುಚ್ಚಿಡಬಾರದು. ಸಿಗರೇಟನ್ನೂ ಮದ್ಯವನ್ನೂ ಅವನು ಬಿಡಲಿಲ್ಲ. ಯಕೃತ್ತು ಏನಾಗುವುದೆಂದು ಶಾಸ್ತ್ರಸಮೇತ ಬಲ್ಲವನು, ಇತರರಿಗೆ ಹೇಳಬಲ್ಲವನು. ಸ್ವಾತಂತ್ರ್ಯವೆಂದು ಅವನು ಹಿಡಿದುದರಲ್ಲಿ ಇದೂ ಸೇರಿದ್ದಿತೋ, ಅಥವಾ ಇದೊಂದು ಸಭೆಯಲ್ಲಿ ಮಾತ್ರ ಅವನಿಗೆ ಮತವಿರಲಿಲ್ಲವೋ ಹೇಳುವುದು ಕಷ್ಟ. 2011ರಲ್ಲಿ ಹೊಟ್ಟೆಯೊಳಗಿನ ರಕ್ತಸ್ರಾವದಿಂದ ಆಸ್ಪತ್ರೆಯನ್ನು ಸೇರಿದನು. ಮದ್ಯದಿಂದ ಬಂದ ಕೇಡೆಂದು ಜನರೆದುರಿಗೆ ತಾನೇ ಒಪ್ಪಿಕೊಂಡನು. ಡಿಸೆಂಬರ್ 4ರ ಬೆಳಗಿನ ಜಾವದಲ್ಲಿ ಸಾವೊ ಪೌಲೊ ನಗರದಲ್ಲಿ ತೀರಿಕೊಂಡನು. ವಯಸ್ಸು ಐವತ್ತೇಳು. ಕೊರಿಂಥಿಯನ್ಸ್ ಪ್ರಶಸ್ತಿ ಗೆದ್ದ ಒಂದು ಭಾನುವಾರ ತನಗೆ ಸಾವು ಬರಲೆಂದು ಅವನು ಹಿಂದೊಮ್ಮೆ ಹೇಳಿದ್ದನೆಂಬುದು ಪ್ರಸಿದ್ಧವಾದ ಮಾತು.

ಅಂದು ಭಾನುವಾರ. ಸಾಯಂಕಾಲ ಪಕಾಯೆಂಬು ಬಯಲಿನಲ್ಲಿ ಪಾಲ್ಮೇರಾಸ್ ತಂಡದೊಡನೆ ಕೊರಿಂಥಿಯನ್ಸಿನ ಪಂದ್ಯ. ಸಮವಾದರೆ ದೇಶದ ಪ್ರಶಸ್ತಿ ಅವರದು. ಆಟಕ್ಕೆ ಮುಂಚೆ ಮೌನದ ಹೊತ್ತಿನಲ್ಲಿ ಆಟಗಾರರು ನಡುಬಯಲಿನಲ್ಲಿ ನಿಂತು, ತಲೆ ತಗ್ಗಿಸದೆ, ಒಬ್ಬೊಬ್ಬರೂ ಒಂದೊಂದು ಮುಷ್ಟಿಯನ್ನು ಮೇಲಕ್ಕೆತ್ತಿದರು. ಪಂದ್ಯದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಅಷ್ಟೇ ಸಾಕಾಯಿತು.