ಕತ್ತಲೆಯ ಮುಂದೆ ಕಾದು ನಿಂತವನು

ರಾತ್ರಿಯ ಚಿತ್ರಗಳ ಪ್ರದರ್ಶನಕ್ಕೆ ಬಂದವರು ಚೌಕಟ್ಟಿನೊಳಗೆ ಮೊದಲು ಹುಡುಕುವುದು ದೀಪವನ್ನು. ಇದು ಮನುಷ್ಯನಿಗೆ ಸಹಜವಾದುದೇ. ಕತ್ತಲೆಯ ಕೋಣೆಗೆ ಕಾಲಿಟ್ಟೊಡನೆ ಕೈ ತಾನಾಗಿಯೇ ಗೋಡೆಯ ಮೇಲಿನ ಗುಂಡಿಯನ್ನು ತಡವುವುದಿಲ್ಲವೆ? ದೀಪ ಕಣ್ಣಿಗೆ ಬಿದ್ದಮೇಲೆ ಅದರ ಪಕ್ಕದ ಗೋಡೆ, ಗೋಡೆಯ ಬುಡದ ಒದ್ದೆ ಕಲ್ಲುಹಾಸು, ಕಡೆಗೆ ಆ ಕಲ್ಲುಹಾಸಿನ ಮೇಲೆ ನಿಂತ ಮನುಷ್ಯ, ಹೀಗೆ ಒಂದೊಂದಾಗಿ ಕಾಣತೊಡಗುತ್ತವೆ. ಹಗಲಿನ ಚಿತ್ರವನ್ನು ನಡೆಯುತ್ತ ನಡೆಯುತ್ತಲೇ ನೋಡಿಬಿಡಬಹುದು. ಇರುಳಿನ ಚಿತ್ರದ ಮುಂದೆ ನಿಲ್ಲಲೇಬೇಕು. ತೆಗೆದವನು ಅಷ್ಟು ಹೊತ್ತು ನಿಂತಿದ್ದಾನೆ. ನೋಡುವವರೂ ತುಸು ನಿಲ್ಲಲಿ ಎಂಬುದು ನ್ಯಾಯವೇ ಸರಿ.

1933ರಲ್ಲಿ ಪ್ಯಾರಿಸಿನಲ್ಲಿಯೂ ಲಂಡನ್ನಿನಲ್ಲಿಯೂ ಇಂಥದೊಂದು ಪ್ರದರ್ಶನ ನಡೆಯಿತು. ‘ಇರುಳಿನ ಪ್ಯಾರಿಸ್’ ಎಂಬುದು ಅದರ ಹೆಸರು. ಅರುವತ್ತಕ್ಕೆ ಮೀರಿದ ಚಿತ್ರಗಳಿದ್ದ, ಪಾಲ್ ಮೊರಾಂ ಎಂಬ ಲೇಖಕನ ಮುನ್ನುಡಿಯಿದ್ದ ಅದೇ ಹೆಸರಿನ ಪುಸ್ತಕ ಆಗಷ್ಟೇ ಹೊರಬಂದಿತ್ತು. ಚಿತ್ರಗಳನ್ನು ತೆಗೆದಾತ ಬ್ರಸಾಯ್. ಪ್ಯಾರಿಸಿನ ಇರುಳನ್ನು ಲೋಕಕ್ಕೆ ತೋರಿಸಿದ ಈತ ಹುಟ್ಟಿನಿಂದ ಪ್ಯಾರಿಸಿನವನಲ್ಲ. 1899ರಲ್ಲಿ ಟ್ರಾನ್ಸಿಲ್ವೇನಿಯಾದ ಬ್ರಾಶೋ ಎಂಬ ಊರಿನಲ್ಲಿ ಹುಟ್ಟಿದ ಹಂಗೇರಿಯವನು; ತಂದೆತಾಯಿಗಳಿಟ್ಟ ಹೆಸರು ಜ್ಯೂಲಾ ಹಲಾಸ್. ‘ಬ್ರಾಶೋವಿನವನು’ ಎಂಬರ್ಥದ ಹೆಸರನ್ನು ಮುಂದೆ ತಾನೇ ಇಟ್ಟುಕೊಂಡನು. ಹೆಸರಿನೊಡನೆ ಊರನ್ನು ಹೊತ್ತು ತಿರುಗುವ ಪದ್ಧತಿ ಕನ್ನಡಿಗರಿಗೇನೂ ಹೊಸತಲ್ಲ. ಊರು ಬಿಟ್ಟವನಿಗೆ ಊರಿನ ಹೆಸರು ಎಷ್ಟು ಹತ್ತಿರವಾದುದೆಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1924ರಲ್ಲಿ ಆತ ಪ್ಯಾರಿಸಿಗೆ ಬಂದದ್ದು ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುವುದಕ್ಕಾಗಿ. ಹಗಲು ಮಲಗುವುದು, ಹೊತ್ತು ಮುಳುಗಿದ ಮೇಲೆ ಏಳುವುದು, ಬೆಳಗಾಗುವವರೆಗೆ ಬೀದಿ ಅಲೆಯುವುದು, ಇದು ಆತನ ದಿನಚರಿ. ಆಗ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಅದರ ಮೇಲೆ ಆದರವೂ ಇರಲಿಲ್ಲ. ಕಂಡದ್ದನ್ನು ಹಿಡಿದಿಡಲು ಬೇರೆ ದಾರಿ ಕಾಣದಾದಾಗ, 1930ರ ಸುಮಾರಿಗೆ, ಆ ಯಂತ್ರವನ್ನು ಕೈಗೆತ್ತಿಕೊಂಡನು. ಅಲೆದಾಟ ಮೊದಲು, ಚಿತ್ರ ಆಮೇಲೆ. ಪರವೂರಿನವನು ಊರಿನವನಾಗುವುದು ಹೀಗೆಯೇ. ಮೂಲೆಯ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ, ಯಾವ ಸೇತುವೆಯ ಕೆಳಗೆ ಯಾರು ಮಲಗುತ್ತಾರೆ ಎಂಬುದು ಅವನಿಗೆ ತಿಳಿದಿರುತ್ತದೆ. ಆ ಊರಿನಲ್ಲಿಯೇ ಹುಟ್ಟಿ ಬೇಗ ಮಲಗುವವರಿಗೆ ತಿಳಿದಿರುವುದಿಲ್ಲ.

ಆತನ ಸಾಮಗ್ರಿ ಅಲ್ಪವೇ. ಮಡಿಸಬಹುದಾದ ಒಂದು ಕ್ಯಾಮೆರಾ, ಮೂರು ಕಾಲಿನ ಒಂದು ಸ್ಟ್ಯಾಂಡು, ಒಂದು ಸಂಚಿ. ಆರೂವರೆ ಸೆಂಟಿಮೀಟರಿಗೆ ಒಂಬತ್ತು ಸೆಂಟಿಮೀಟರಿನ ಗಾಜಿನ ಫಲಕಗಳನ್ನು ಒಂದು ರಾತ್ರಿಗೆ ಎರಡು ಡಜನ್ನಿನಷ್ಟು ಹೊರಬಹುದಾಗಿತ್ತು, ಅಷ್ಟೆ. ಆದಕಾರಣ ಒಂದು ದೃಶ್ಯಕ್ಕೆ ಎರಡೋ ಮೂರೋ ಫಲಕಗಳಿಗಿಂತ ಹೆಚ್ಚು ವ್ಯಯಿಸುವಂತಿರಲಿಲ್ಲ. ಬೆಳಕು ಕಡಿಮೆಯಿದ್ದಾಗ ಮಸೂರವನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಆ ಹೊತ್ತನ್ನು ಅಳೆಯಲು ಆತನಿಗೆ ಸಿಗರೇಟೇ ಗಡಿಯಾರ: ಸಾಮಾನ್ಯ ಬೆಳಕಿಗೆ ಒಂದು ಗೋಲ್ವಾಜ್, ಕತ್ತಲೆ ಇನ್ನೂ ದಟ್ಟವಾಗಿದ್ದರೆ ದಪ್ಪನೆಯ ಒಂದು ಬೊಯಾರ್. ಬೀದಿದೀಪದ ನೇರ ಬೆಳಕು ಫಲಕವನ್ನು ಕೆಡಿಸದಂತೆ ದೀಪವನ್ನು ಮರದ ಬೊಡ್ಡೆಯ ಮರೆಗೆ, ಇಲ್ಲವೆ ಗೋಡೆಯ ಮೂಲೆಯ ಮರೆಗೆ ಸರಿಸಿ ನಿಲ್ಲುತ್ತಿದ್ದನು. ಜನ ಶಪಿಸುವ ಮಂಜೂ ಮಳೆಯೂ ಆತನಿಗೆ ಬಂಧುಗಳು. ಅವು ದೀಪದ ಬೆಳಕನ್ನು ನಾಲ್ಕೂ ಕಡೆಗೆ ಹರಡಿ ಕತ್ತಲೆಯ ಗಡಸುತನವನ್ನು ತಗ್ಗಿಸುತ್ತಿದ್ದವು.

ಇಷ್ಟು ನಿಧಾನವಾದ ಯಂತ್ರದಿಂದ ಒಂದು ಉಪಕಾರವಾಯಿತು: ಕದ್ದು ತೆಗೆಯುವುದು ಸಾಧ್ಯವಾಗಲಿಲ್ಲ. ಮನುಷ್ಯರ ಚಿತ್ರ ಬೇಕಾದರೆ ಅವರನ್ನು ಕೇಳಬೇಕು. ಅವರು ಒಪ್ಪಿ ಅಲುಗಾಡದೆ ನಿಲ್ಲಬೇಕು. ಹೋಟೆಲುಗಳ ಒಳಗಾದರೆ ಮ್ಯಾಗ್ನೀಷಿಯಂ ಪುಡಿ ಸಿಡಿಸಿ ಬೆಳಕು ಮಾಡಬೇಕು. ಆ ಸದ್ದು, ಆ ಹೊಗೆಗಳ ನಡುವೆ ಗುಟ್ಟು ಎಲ್ಲಿ ಉಳಿದೀತು? ಈ ಸಿಡಿತಕ್ಕಾಗಿಯೇ ಪಿಕಾಸೋ ಆತನನ್ನು ‘ಭಯೋತ್ಪಾದಕ’ ಎಂದು ಹಾಸ್ಯಮಾಡುತ್ತಿದ್ದನಂತೆ. ಕೆಲವು ಚಿತ್ರಗಳಲ್ಲಿ ಪೋಕರಿಗಳ ಪಾತ್ರಕ್ಕೆ ಸ್ನೇಹಿತರನ್ನೇ ನಿಲ್ಲಿಸಿದ್ದೂ ಉಂಟು. ಅದರಿಂದ ಚಿತ್ರ ಸುಳ್ಳಾಯಿತೆನ್ನುವವರು ಒಮ್ಮೆ ಯೋಚಿಸಬೇಕು: ಪರರ ಬಡತನವನ್ನು ಅವರಿಗೆ ತಿಳಿಯದಂತೆ ಕ್ಷಣಮಾತ್ರದಲ್ಲಿ ಸೆರೆಹಿಡಿದು ಹೊರಟುಹೋಗುವುದು ಅದಕ್ಕಿಂತ ಹೆಚ್ಚಿನ ಸತ್ಯವೆ?

ಪ್ಯಾರಿಸೆಂದೊಡನೆ ವಿಲಾಸದ ನಗರವೆಂದು ಬಂದವರಿಗೆ ಅಲ್ಲಿ ಕಂಡವರಾದರೂ ಯಾರು? ಟ್ರಾಮು ನಿಂತ ಹೊತ್ತಿನಲ್ಲಿ ಹಳಿಯ ಮೇಲೆ ಬಾಗಿ ಅದನ್ನು ಉಜ್ಜಿ ನುಣುಪು ಮಾಡುವ ಕೂಲಿಗಳು. ಮನೆಗಳ ಮಲಗುಂಡಿಗಳನ್ನು ಬರಿದುಮಾಡುವವರು. ಲೇ ಆಲ್ ಮಂಡಿಯಲ್ಲಿ ಮೂಟೆ ಹೊರುವವರು. ಬೆಳಕು ಹರಿಯುವ ಮುನ್ನ ಬೀದಿದೀಪ ಆರಿಸುವಾತ. ನಗರದ ಸಂಸಾರವಂದಿಗರು ಬೆಳಿಗ್ಗೆ ಎದ್ದಾಗ ತರಕಾರಿ ಅಂಗಡಿಗೆ ಬಂದಿರುತ್ತದೆ, ಟ್ರಾಮು ಸರಾಗವಾಗಿ ಓಡುತ್ತದೆ, ಬೀದಿ ನಾರುವುದಿಲ್ಲ. ಇವೆಲ್ಲ ತಾವಾಗಿಯೇ ನಡೆಯುತ್ತವೆಂದು ನಂಬುವುದು ಎಲ್ಲ ನಗರಗಳಲ್ಲಿಯೂ ಸುಖವಾದ ನಂಬಿಕೆ. ಆ ನಂಬಿಕೆಯನ್ನು ಈ ಚಿತ್ರಗಳು ಗದರಿಸದೆ, ಉಪದೇಶಿಸದೆ ಸಡಿಲಿಸುತ್ತವೆ.

ಆದರೂ ಇರುಳೆಲ್ಲವೂ ಅಂದು ಗೋಡೆಗೇರಲಿಲ್ಲ. ಸಭ್ಯರು ಹೆಸರೆತ್ತದ ಬೀದಿಗಳಲ್ಲಿ, ಸೂಳೆಗೇರಿಗಳಲ್ಲಿ, ಕಳ್ಳಕಾಕರು ಕೂಡುವ ಹೋಟೆಲುಗಳಲ್ಲಿ ತೆಗೆದ ಚಿತ್ರಗಳ ಬಹುಭಾಗ ನಾಲ್ಕು ದಶಕಗಳ ಕಾಲ ಮರೆಯಲ್ಲಿಯೇ ಉಳಿಯಿತು. 1976ರಲ್ಲಿ, ಎಪ್ಪತ್ತೇಳರ ಅಂಚಿನಲ್ಲಿದ್ದ ಮುದುಕ, ತನ್ನ ನೆನಪುಗಳೊಡನೆ ಅವುಗಳನ್ನು ಪುಸ್ತಕವಾಗಿ ಹೊರತಂದನು. ಆ ಹೊತ್ತಿಗೆ ಚಿತ್ರದಲ್ಲಿದ್ದ ಎಷ್ಟೋ ಮಂದಿ ಕಣ್ಮರೆಯಾಗಿದ್ದರು. ನಗರದ ಹಳೆಯ ಟ್ರಾಮುಗಳು 1930ರ ದಶಕದಲ್ಲಿಯೇ ನಿಂತುಹೋಗಿದ್ದವು. ಮಂಡಿ 1969ರಲ್ಲಿ ಊರ ಹೊರಗಿನ ರಂಜೀಸಿಗೆ ಹೋಗಿ, ಅದರ ಕಬ್ಬಿಣದ ಚಪ್ಪರಗಳನ್ನು ಕೆಡವಲಾಗಿತ್ತು. 1984ರಲ್ಲಿ ಬ್ರಸಾಯ್ ತೀರಿಕೊಂಡನು.

ಇಂದು ಆ ಚಿತ್ರಗಳು ದೊಡ್ಡ ದೊಡ್ಡ ಚಿತ್ರಶಾಲೆಗಳ ಆಸ್ತಿ. ತೆಗೆದವನ ಹೆಸರು ಅವುಗಳ ಕೆಳಗೆ ಅಚ್ಚಾಗಿರುತ್ತದೆ. ಹಳಿ ಉಜ್ಜಿದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ‘ಹಳಿ ಉಜ್ಜುವವರು’ ಎಂದಷ್ಟೇ ಇರುತ್ತದೆ. ಒಂದು ಸಿಗರೇಟು ಉರಿದು ಮುಗಿಯುವಷ್ಟು ಹೊತ್ತು ಒಬ್ಬನು ಅವರೊಡನೆ ಚಳಿಯಲ್ಲಿ ನಿಂತಿದ್ದನೆಂಬುದಕ್ಕೆ ಆ ಚಿತ್ರವೇ ಸಾಕ್ಷಿ. ಯಾವ ಊರಿನಲ್ಲಾಗಲಿ ಇರುಳಿನ ಚಿತ್ರಗಳನ್ನು ಕಾಣುವ ಅವಕಾಶ ಒದಗಿದಾಗ ಮನೆಮಂದಿಯೆಲ್ಲ ಕೂಡಿ ಹೋಗಬಹುದು. ಮಕ್ಕಳು ದೀಪ ಎಲ್ಲಿದೆಯೆಂದು ತಾವಾಗಿಯೇ ತೋರಿಸುತ್ತಾರೆ. ಆ ದೀಪದ ಕೆಳಗೆ ಯಾರು ಕೆಲಸ ಮಾಡುತ್ತಿದ್ದಾರೆಂದು ಅವರನ್ನು ಕೇಳುವುದಷ್ಟು ಹಿರಿಯರ ಪಾಲಿನ ಕೆಲಸ.